ಮಾವ ಅಂಚು ಕಾದ ಮಳೆಗಾಲ

ಮೊನ್ನೆ ಬೇತಮಂಗಲದಿಂದ ಬಂಗಾರಪೇಟೆಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಚೀಲದಿಂದ ಸಣ್ಣ ಶೀಶೆ ತೆಗೆದು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಚ್ಚಿಕೊಂಡಳು. ನೆಗಡಿಯಿರಬೇಕು. ಮಳೆಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ವಾಸನೆ ಬಸ್ಸಿನ ತುಂಬ ನಿಂತುಬಿಟ್ಟಿತು. ಆ ವಾಸನೆಯಲ್ಲಿ ನಾನು ಒಂದು ಇಡೀ ಮಳೆಗಾಲ ಕಳೆದಿದ್ದೇನೆ. ನನ್ನ ಮಾವ ಮುನುಸಾಮಿಯವರ ಕೊನೆಯ ಮಳೆಗಾಲ ಅದು.

ಮಾವ ಚಿನ್ನದ ಗಣಿಯ ಕೋರಮಂಡಲ್‌ನವರು. ಗಣಿ ಮುಚ್ಚುವ ತನಕ ನೆಲದಡಿಯಲ್ಲಿ ಬಂಡೆ ಕೊರೆದವರು. ಆಮೇಲೆ ಎಷ್ಟೋ ವರ್ಷ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಂದು ಯಾವುದೋ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿದ್ದರು. ನಾನು ಬೇತಮಂಗಲದ ಪಕ್ಕದ ಹಳ್ಳಿಯವಳು. ನಮ್ಮದು ಹೊಲ, ಹಸು, ಡೈರಿಗೆ ಹಾಲು ಹಾಕುವ ಮನೆ. ಅವರ ಮಗ ಸೆಲ್ವನನ್ನು ಕೋಲಾರದಲ್ಲಿ ಓದುವಾಗ ಕಂಡು ಮದುವೆಯಾದೆ. ಎರಡೂ ಮನೆಗೆ ಬೇಡವಾದ ಮದುವೆ. ನಮ್ಮವರು ಬೈದರು, ಅತ್ತರು, ಕೊನೆಗೆ ಬಂದು ಹೋಗಲು ಶುರುಮಾಡಿದರು. ಮಾವ ಬೈಯಲೂ ಇಲ್ಲ. ನನ್ನ ಜೊತೆ ಮಾತಾಡಲಿಲ್ಲ, ಅಷ್ಟೆ. ಹಬ್ಬಕ್ಕೆ ಹೋದರೆ ಎದ್ದು ಹೊರಗೆ ಹೋಗಿ ಕೂರುವರು. ನಾನು ಇಟ್ಟ ಕಾಫಿ ಅಲ್ಲೇ ಆರಿ ಕೆನೆಗಟ್ಟುತ್ತಿತ್ತು. ಅತ್ತೆ ಇರುವವರೆಗೆ ಅವರ ಮೂಲಕ ಒಂದೆರಡು ಮಾತು ಈ ಕಡೆ ಆ ಕಡೆ ಸಾಗುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ಅದೂ ನಿಂತಿತು.

ಆ ವರ್ಷ ಆಷಾಢದ ಗಾಳಿ ಎದ್ದಾಗ ಅವರ ಉಸಿರು ತೀರಾ ಕೆಟ್ಟಿತು. ಕೋರಮಂಡಲ್ ಸುತ್ತ ಚಿನ್ನ ಸೋಸಿ ಸುರಿದ ಸೈನೈಡ್ ಮಣ್ಣಿನ ದಿಬ್ಬಗಳಿವೆ. ಗಾಳಿ ಬೀಸಿದರೆ ಆ ಧೂಳು ಗಣಿಯವರು ಸಾಲಾಗಿ ಕಟ್ಟಿದ ಲೈನ್ ಮನೆಗಳ ತಗಡಿನ ಸಂದಿಯಿಂದ ನೇರವಾಗಿ ಅನ್ನದ ತಟ್ಟೆಗೆ ಇಳಿಯುತ್ತದೆ. ಮಾವನ ಶ್ವಾಸಕೋಶದಲ್ಲಂತೂ ಎಂದಿನಿಂದಲೋ ಕಲ್ಲಿನ ಪುಡಿ ಕೂತಿತ್ತು. ಇನ್ನು ಇಡೀ ದಿನ ಆಕ್ಸಿಜನ್ ಯಂತ್ರ ಬೇಕು, ಧೂಳಿನಲ್ಲಿ ಇಡಬೇಡಿ ಎಂದರು ಡಾಕ್ಟರು. ಸೆಲ್ವ ಅವರನ್ನು ಬಂಗಾರಪೇಟೆಗೆ, ರೈಲ್ವೆ ಗೇಟಿನ ಹಿಂದಿದ್ದ ನಮ್ಮ ಬಾಡಿಗೆ ಮನೆಗೆ ಕರೆತಂದ. ಅವನು ಬೆಂಗಳೂರಿನಲ್ಲಿ ಹಳೇ ಟಿವಿ, ಕಂಪ್ಯೂಟರ್ ರಿಪೇರಿ ಮಾಡುವ ಅಂಗಡಿಯಲ್ಲಿದ್ದ. ಬೆಳಕು ಹರಿಯುವ ಮೊದಲೇ ರೈಲು ಹಿಡಿದರೆ ದೀಪ ಹಚ್ಚಿದ ಮೇಲೆ ಮನೆಗೆ. ಅವನ ಅಕ್ಕ ಕಲಾ ಕೋರಮಂಡಲ್‌ನಲ್ಲೇ ಗಂಡ ಮಕ್ಕಳೊಂದಿಗೆ ಎರಡು ಕೋಣೆಯಲ್ಲಿದ್ದಳು. ಹಾಗಾಗಿ ನಾನು ಶಾಲೆಯ ಕೆಲಸ ಬಿಟ್ಟೆ. ಹಗಲೆಲ್ಲ ನಾವಿಬ್ಬರೇ. ಮಾತಾಡದ ಮಾವ ಮತ್ತು ನಾನು, ನಡುವೆ ಗುರ್ರೆನ್ನುವ ಆ ಯಂತ್ರ.

ಅವರು ಎದೆಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು, ಗೋಡೆಗೆ ಒರಗಿ ಕೂರುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ತಟ್ಟೆ ಇಟ್ಟರೆ ಉಣ್ಣುವರು, ಮುಖ ಮಾತ್ರ ಎತ್ತರು. ರೈಲು ಹಾದುಹೋದರೆ ಪಾತ್ರೆಗಳು ಅಲುಗುತ್ತಿದ್ದವು. ಅದೊಂದೇ ಮನೆಯಲ್ಲಿ ಬೇರೆ ಸದ್ದು.

ಅಂಗಡಿಗೆ ರಿಪೇರಿಗೆಂದು ಬಂದು ಯಾರೂ ಕೇಳದೆ ಉಳಿದ ಒಂದು ವಿಡಿಯೋ ಗೇಮ್ ಪೆಟ್ಟಿಗೆಯನ್ನು ಸೆಲ್ವ ಹಿಂದಿನ ವರ್ಷ ನನಗಾಗಿ ತಂದಿದ್ದ. ಕಾಲೇಜು ಹಾಸ್ಟೆಲಿನಲ್ಲಿ ನನಗೆ ಅದರ ಹುಚ್ಚಿತ್ತು. ಬೆಂಗಳೂರಿನ ಮಾಲೊಂದರಲ್ಲಿ ನಡೆದ ಪಂದ್ಯಕ್ಕೂ ಹೋಗಿ, ಹುಡುಗರ ನಡುವೆ ಕೂತು ನಾಲ್ಕಾರು ಜನರನ್ನು ಸೋಲಿಸಿ ಬಂದವಳು ನಾನು. ಒಂದು ಮಧ್ಯಾಹ್ನ ಆ ಮೌನ ತಡೆಯಲಾರದೆ ಪೆಟ್ಟಿಗೆಯ ಧೂಳು ಒರೆಸಿ ಟಿವಿಗೆ ಸಿಕ್ಕಿಸಿ ಒಬ್ಬಳೇ ಆಡತೊಡಗಿದೆ.

ಆ ಆಟ ತೀರಾ ಸುಲಭದ್ದು, ನೋಡುವುದಕ್ಕೆ. ಆಕಾಶದಲ್ಲಿ ತೇಲುವ ಒಂದು ಕಟ್ಟೆ. ಅದರ ಮೇಲೆ ಇಬ್ಬರು ಹೊಡೆದಾಡುತ್ತಾರೆ. ಏಟು ಬಿದ್ದಷ್ಟೂ ಮನುಷ್ಯ ಹಗುರಾಗುತ್ತ ಹೋಗುತ್ತಾನೆ, ಮುಂದಿನ ಏಟಿಗೆ ಇನ್ನೂ ದೂರ ಹಾರಿ ಬೀಳುತ್ತಾನೆ. ಆದರೆ ಕಟ್ಟೆಯಾಚೆ ಬಿದ್ದ ಮಾತ್ರಕ್ಕೆ ಸತ್ತ ಎಂದಲ್ಲ. ಗಾಳಿಯಲ್ಲೇ ಇನ್ನೊಂದು ಸಲ ನೆಗೆಯಬಹುದು, ಮೇಲಕ್ಕೆ ಚಿಮ್ಮುವ ಒಂದು ಪಟ್ಟು ಹಾಕಬಹುದು, ಕಟ್ಟೆಯ ಅಂಚಿಗೆ ಬೆರಳು ಸಿಕ್ಕಿಸಿ ಹತ್ತಿಬರಬಹುದು. ಗೊತ್ತಿಲ್ಲದವರು ಎದುರಾಳಿಯನ್ನು ಹೊರಗೆಸೆದು ಸುಮ್ಮನಾಗುತ್ತಾರೆ. ಗೊತ್ತಿದ್ದವರ ಆಟ ಶುರುವಾಗುವುದೇ ಆಗ. ಅವನು ಹಿಂತಿರುಗದಂತೆ ಅಂಚಿನಲ್ಲಿ ನಿಂತು ಕಾಯಬೇಕು. ಬೇಕಾದರೆ ಕಟ್ಟೆ ಬಿಟ್ಟು ಅವನ ಹಿಂದೆ ಹಾರಿ, ಆಳಕ್ಕೆ ಇಳಿದು, ಇನ್ನೊಂದು ಏಟು ಕೊಟ್ಟು, ತಾನು ಮಾತ್ರ ವಾಪಸು ಬರಬೇಕು. ಲೆಕ್ಕ ತಪ್ಪಿದರೆ ಇಬ್ಬರೂ ಹೋದಂತೆ. ಹಾಸ್ಟೆಲಿನಲ್ಲಿ ನಾವು ಇದನ್ನು ಅಂಚು ಕಾಯೋದು ಎನ್ನುತ್ತಿದ್ದೆವು. ನನ್ನ ಕೈ ಪಳಗಿದ್ದು ಅದರಲ್ಲೇ.

ಮಾವ ನೋಡುತ್ತಿದ್ದಾರೆಂದು ನನಗೆ ಗೊತ್ತಾಗಲು ಕೆಲವು ದಿನ ಹಿಡಿಯಿತು. ಒಂದು ದಿನ ನಾನು ಎದುರಾಳಿಯನ್ನು ಅಂಚಿನಲ್ಲಿ ಮತ್ತೆ ಮತ್ತೆ ಕೆಳಕ್ಕೆ ತಳ್ಳುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ಬಿದ್ದೋನ್ನ ಯಾಕೆ ಹತ್ತಕ್ಕೆ ಬಿಡಲ್ಲ ನೀನು?"

ಮದುವೆಯಾದ ಮೇಲೆ ಅವರು ನನಗೆ ಆಡಿದ ಮೊದಲ ಮಾತು. ತಿರುಗಿ ನೋಡಿದರೆ ಮಾತು ನಿಲ್ಲಬಹುದೆಂದು ನಾನು ಟಿವಿಯನ್ನೇ ನೋಡುತ್ತ ಹೇಳಿದೆ. "ಹತ್ತಿದ್ರೆ ಮತ್ತೆ ನನ್ನ ಹೊಡೀತಾನೆ ಮಾವ. ಅಲ್ಲೇ ಮುಗಿಸಬೇಕು."

ಮಾವ ಮೂಗಿನ ನಳಿಕೆ ಸರಿಮಾಡಿಕೊಂಡರು. ಆಮೇಲೆ, "ಇನ್ನೊಂದು ಐತಾ ಅದು, ಕೈಲಿ ಇಡ್ಕೊಳೋದು?"

ಇನ್ನೊಂದು ಇತ್ತು. ಕೊಟ್ಟೆ. ಅವರ ಬೆರಳ ತುದಿಗಳು ಉಬ್ಬಿ ಉಗುರುಗಳು ಗುಂಡಗಾಗಿದ್ದವು, ಆ ಕಾಯಿಲೆಯವರಿಗೆ ಹಾಗಾಗುತ್ತದಂತೆ. ಗುಂಡಿಗಳು ಸಿಗಲೊಲ್ಲವು. ಒತ್ತಿದರೆ ಎರಡು ಒಟ್ಟಿಗೆ ಒತ್ತುತ್ತಿದ್ದವು. ಅವರು ನಿಧಾನಕ್ಕೆ ನಡೆಯುವ ಒಂದು ದಪ್ಪ ಕರಡಿಯನ್ನು ಆರಿಸಿಕೊಂಡರು. ನನ್ನದು ಕತ್ತಿ ಹಿಡಿದ ಬಡಕಲು ಹುಡುಗಿ. ಮೊದಲ ವಾರಗಳಲ್ಲಿ ಕರಡಿ ತಾನಾಗಿ ಕಟ್ಟೆಯಿಂದ ಬಿದ್ದು ಸಾಯುತ್ತಿತ್ತು. ಮಾವನಿಗೆ ನಗು ಬಂದರೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಲ್ಲುವ ತನಕ ನಾನು ಆಟ ನಿಲ್ಲಿಸಿ ಕಾಯುತ್ತಿದ್ದೆ. ಮಾತುಗಳು ಹೀಗೇ ಒಂದೊಂದಾಗಿ ಬಂದವು. ಗುಂಡಿಗಳ ಬಗ್ಗೆ, ಸಾರಿನ ಉಪ್ಪಿನ ಬಗ್ಗೆ. ಒಂದು ದಿನ ಕಾಫಿ ಲೋಟವನ್ನು ಖಾಲಿ ಮಾಡಿ ಕೈಗೇ ಕೊಟ್ಟರು.

ಶ್ರಾವಣ ಕಳೆಯುವ ಹೊತ್ತಿಗೆ ಅವರು ಅಂಚು ಕಾಯುವುದನ್ನು ಕಲಿತಿದ್ದರು. "ಓರಂ ಕಾವಲ್" ಎಂದು ತಮ್ಮ ತಮಿಳಿನಲ್ಲಿ ಅದಕ್ಕೊಂದು ಹೆಸರಿಟ್ಟರು. ಕೈ ಚುರುಕಿಲ್ಲದ್ದಕ್ಕೆ ಅವರಿಗೆ ಹೊಡೆದಾಟದಲ್ಲಿ ನನ್ನನ್ನು ಮೀರಲು ಆಗುತ್ತಿರಲಿಲ್ಲ. ಆದರೆ ನಾನು ಒಮ್ಮೆ ಕಟ್ಟೆಯಾಚೆ ಹೋದರೆ ಸಾಕು, ಕರಡಿ ಅಂಚಿಗೆ ಬಂದು ನಿಲ್ಲುತ್ತಿತ್ತು, ಅಲುಗುತ್ತಿರಲಿಲ್ಲ. ಬೇರೆಯವರು ಆತುರಪಟ್ಟು ಮೊದಲೇ ಹೊಡೆಯುತ್ತಾರೆ. ಮಾವ ನನ್ನ ಎರಡನೇ ನೆಗೆತ ಮುಗಿಯುವ ತನಕ ಬಿಡುತ್ತಿದ್ದರು. ಇನ್ನು ನನ್ನ ಕೈಲಿ ಏನೂ ಉಳಿದಿಲ್ಲ ಎಂದಾದ ಮೇಲೆ ಒಂದೇ ಗುಂಡಿ ಒತ್ತುವರು. "ಏನಕ್ಕೆ ಅವಸರ? ಎಲ್ಲಿಗ್ ಓಗ್ತೀಯ ನೀನು? ಇಲ್ಲಿಗೇ ಬರ್ಬೇಕು" ಎನ್ನುವರು. ಅದರಲ್ಲಿ ಅವರಿಗೆ ಸಿಗುತ್ತಿದ್ದ ಖುಷಿ ಕಂಡು ನನಗೆ ಒಮ್ಮೊಮ್ಮೆ ಒಳಗೇ ಅಳುಕಾಗುತ್ತಿತ್ತು.

ಕಲಾ ಒಂದು ಭಾನುವಾರ ಬಂದಾಗ ಇದನ್ನು ನೋಡಿದಳು. ಅಡುಗೆಮನೆಗೆ ಬಂದು, "ಸಾಯೋ ಮನ್ಸನ ಕೈಗೆ ಮಕ್ಳ ಆಟದ ಸಾಮಾನು ಕೊಟ್ಟಿದೀಯಲ್ಲ ಶಶಿ, ದೇವರ ಭಜನೆ ಕೇಳಿಸಬಾರದಾ?" ಎಂದಳು.

"ಅವರೇ ಕೇಳಿದ್ದು ಅಕ್ಕ."

"ಅವರು ಕೇಳ್ತಾರೆ. ಕೊಡೋರಿಗೆ ಬುದ್ಧಿ ಬೇಡ್ವಾ?"

ಸೆಲ್ವನಿಗೆ ಮಾತ್ರ ಇದು ನಂಬಲಾಗದ ಸಂಗತಿ. ಮನೆಗೆ ಬಂದು ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತು, ನಾವಿಬ್ಬರೂ ಜಗಳಾಡುತ್ತ ಆಡುವುದನ್ನು ನೋಡುತ್ತಿದ್ದ. ಅಪ್ಪ ಅವನ ಜೊತೆಗೂ ಅಷ್ಟು ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ.

ಭಾದ್ರಪದದಲ್ಲಿ ಅವರು ಇಳಿದುಹೋದರು. ಯಂತ್ರದ ಗಾಳಿ ಹೆಚ್ಚಿಸಿದರೂ ತುಟಿಗಳು ನೀಲಿಯಾಗಿಯೇ ಇರುತ್ತಿದ್ದವು. ಸ್ನಾನದ ಕೋಣೆಗೆ ಹೋಗಿ ಬಂದರೆ ಬಹಳ ಹೊತ್ತು ಕಣ್ಣು ಮುಚ್ಚಿ ಕೂರುವರು. ಆಟದಲ್ಲಿ ಕರಡಿ ಹೆಜ್ಜೆ ತಪ್ಪುತ್ತಿತ್ತು. ಒಂದು ದಿನ ಅದು ಕಟ್ಟೆಯಾಚೆ ಬಿತ್ತು. ನಾನು ಅಂಚಿನಲ್ಲಿದ್ದೆ. ಅದು ಹೇಗೋ ಮೇಲಕ್ಕೆ ಚಿಮ್ಮಿ ಬರುವಾಗ ನಾನು ಏನೂ ಮಾಡದೆ ನಿಂತೆ. ಕರಡಿ ಹತ್ತಿಕೊಂಡಿತು.

ಮಾವ ಕೈಯಲ್ಲಿದ್ದದ್ದನ್ನು ಚಾಪೆಯ ಮೇಲೆ ಇಟ್ಟರು. "ನಿನ್ ಎಬ್ಬೆಟ್ಟು ನೋಡ್ತಾ ಇದ್ದೆ. ಅಲ್ಲಾಡ್ಲೇ ಇಲ್ಲ."

"ತಪ್ಪೋಯ್ತು ಮಾವ."

"ತಪ್ಲಿಲ್ಲ. ಬಿಟ್ಟೆ. ಸಾಯ್ತಾನೆ ಅಂತ ಬಿಟ್ಟೆ." ಅವರು ಗೋಡೆಯ ಕಡೆ ತಿರುಗಿಕೊಂಡರು. ಆ ದಿನವೂ ಮಾರನೆಯ ದಿನವೂ ಮಾತಿಲ್ಲ. ನಾನು ಇಟ್ಟ ಕಾಫಿ ಮತ್ತೆ ಆರಿ ಕೂತಿತು.

ಅವರೇ ಮೌನ ಮುರಿದರು. ಹೊರಗೆ ಜಿಟಿಜಿಟಿ ಮಳೆ. ನಾನು ಸೊಪ್ಪು ಬಿಡಿಸುತ್ತಿದ್ದೆ. "ಇಲ್ಲಿ ಬಾ, ಕೂತ್ಕೊ" ಎಂದರು. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಂಡು ಹೇಳಿದರು. ಅವರ ಜೊತೆ ಬಂಡೆ ಕೊರೆದ ಗೆಳೆಯನೊಬ್ಬನಿಗೆ ಇದೇ ಕಾಯಿಲೆ. ಕೊನೆಗೆ ಗಂಟಲಿಗೆ ಟ್ಯೂಬ್ ಇಳಿಸಿ ಮೆಷಿನ್‌ಗೆ ಹಾಕಿದರು. ವಾರಗಟ್ಟಲೆ ಇದ್ದ. ಕೈಗಳನ್ನು ಮಂಚಕ್ಕೆ ಕಟ್ಟಿದ್ದರು, ಕಿತ್ತುಕೊಳ್ಳಬಾರದೆಂದು. ಮಾವ ನೋಡಲು ಹೋದಾಗ ಅವನು ಕಣ್ಣಿನಲ್ಲೇ ತೆಗೆಸು, ತೆಗೆಸು ಎಂದನಂತೆ. ಇವರು ಯಾರಿಗೂ ಏನೂ ಹೇಳದೆ ಮನೆಗೆ ಬಂದರಂತೆ.

"ನನಗೆ ಅದು ಬೇಡ. ಆ ಟೈಮ್ ಬಂದಾಗ ಅಡ್ಡ ನಿಂತ್ಕೊ. ಯಾರೂ ನನ್ನ ವಾಪಸ್ ಎಳೀಬಾರ್ದು."

ನನ್ನ ಕೈಯಲ್ಲಿ ಸೊಪ್ಪಿನ ಕಡ್ಡಿ ಹಾಗೇ ಇತ್ತು. "ಸೆಲ್ವಂಗೆ ಹೇಳಿ ಮಾವ. ಅವನು ನಿಮ್ಮ ಮಗ."

"ಮಗ ಅಂತಾನೇ ಹೇಳಲ್ಲ. ಅವನು ಅಳ್ತಾನೆ, ಆಮೇಲೆ ಆಕಿಸ್ತಾನೆ. ಕಲಾನೂ ಅಂಗೇ. ನೀನು ಬಿದ್ದೋನ್ನ ಬಿಡಲ್ಲ. ಮೊನ್ನೆ ಒಂದು ಸಲ ಬಿಟ್ಟೆ. ಇನ್ನೊಂದ್ ಸಲ ಬಿಡ್ಬೇಡ."

"ನಾನೇ ಯಾಕೆ?" ಎಂದೆ. ಕೇಳಬಾರದಿತ್ತೇನೋ. ಇಷ್ಟು ವರ್ಷದ್ದೆಲ್ಲ ಆ ಮಾತಿನಲ್ಲಿತ್ತು.

ಅವರು ನನ್ನ ಮುಖ ನೋಡಿ ಹೇಳಿದರು. "ನಿನಗೆ ನನ್ ಮೇಲೆ ಆಸೆ ಅಕ್ಕರೆ ಇಲ್ಲಮ್ಮ. ಇರಾಕೆ ನಾನು ಏನು ಮಾಡಿದೀನಿ? ಆಸೆ ಇಲ್ದೋರೇ ಇದನ್ನ ಮಾಡಬೇಕು."

ಅಷ್ಟು ಹೊತ್ತಿಗೆ ನನಗೆ ಅವರ ಮೇಲೆ ಎಂಥ ಪ್ರೀತಿ ಬೆಳೆದಿತ್ತೆಂದರೆ, ಬೆಳಿಗ್ಗೆ ಎದ್ದು ಮೊದಲು ಅವರ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಅದನ್ನು ಹೇಳಲಿಲ್ಲ. ಹೇಳಿದರೆ ಅವರಿಗೆ ಬೇರೆ ಯಾರೂ ಉಳಿಯುತ್ತಿರಲಿಲ್ಲ. "ಆಯ್ತು ಮಾವ" ಎಂದೆ. ಅವರು ತಲೆಯಾಡಿಸಿ, "ಟಿವಿ ಆಕು" ಎಂದರು. ಆ ಮಧ್ಯಾಹ್ನ ನಾನು ಕರಡಿಯನ್ನು ಎಸೆದಾಗಲೆಲ್ಲ ಹಿಂದೆ ಹಾರಿ ಆಳದ ತನಕ ಇಳಿದು ಹೊಡೆದೆ. ಒಂದು ಸಲವೂ ಹತ್ತಲು ಬಿಡಲಿಲ್ಲ. ಟಿವಿಯ ಮೇಲಿನ ಬಣ್ಣಗಳು ನನಗೆ ಸರಿಯಾಗಿ ಕಾಣುತ್ತಿರಲಿಲ್ಲ.

ದೀಪಾವಳಿಗೆ ಮುಂಚಿನ ಮಳೆ ಸಿಡಿಲಿನ ಮಳೆ. ಮಧ್ಯಾಹ್ನವೇ ಕತ್ತಲಾಗಿ ರೈಲ್ವೆ ಗೇಟಿನ ಪಕ್ಕದ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಕರೆಂಟು ಹೋದಾಗ ಯಂತ್ರವನ್ನು ಯುಪಿಎಸ್ ಎಳೆಯುತ್ತಿತ್ತು. ಅದು ದಣಿಯುವ ಹೊತ್ತಿಗೆ ಸಿಲಿಂಡರಿಗೆ ಬದಲಿಸಿದೆ. ಆದರೆ ಆ ದಿನ ಗಾಳಿ ಕೊಟ್ಟರೂ ಅವರಿಗೆ ಎಳೆದುಕೊಳ್ಳಲು ಆಗಲಿಲ್ಲ. ಕಣ್ಣು ಮೇಲಾಯಿತು. ಪಕ್ಕದ ಮನೆಯವರು ಆಂಬುಲೆನ್ಸ್ ಕರೆದರು. ಸಿಲಿಂಡರ್ ಮಡಿಲಲ್ಲಿಟ್ಟುಕೊಂಡು ನಾನು ಅವರ ತಲೆಯ ಹತ್ತಿರ ಕೂತೆ. ರಸ್ತೆಯ ತುಂಬ ಕೆಂಪು ನೀರು ಹರಿಯುತ್ತಿತ್ತು.

ಆಸ್ಪತ್ರೆಯಲ್ಲಿದ್ದದ್ದು ವಯಸ್ಸಿನಲ್ಲಿ ನನಗಿಂತ ಚಿಕ್ಕ ಡಾಕ್ಟರಮ್ಮ. ಮಾವನನ್ನು ನೋಡಿ, ಹಳೆಯ ಎಕ್ಸ್‌ರೇ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು. ಟ್ಯೂಬ್ ಹಾಕಿ ಕೋಲಾರಕ್ಕೆ ಕಳಿಸಬಹುದು, ಮೆಷಿನ್ ಉಸಿರಾಡಿಸುತ್ತದೆ, ಆದರೆ ಈ ಶ್ವಾಸಕೋಶ ಮತ್ತೆ ತಾನಾಗಿ ಉಸಿರಾಡುವ ಭರವಸೆ ತಮಗಿಲ್ಲ ಎಂದರು. ಹಾಕದಿದ್ದರೆ ಹೆಚ್ಚು ಹೊತ್ತಿಲ್ಲ. ಸಂಕಟವಾಗದಂತೆ ಇಂಜೆಕ್ಷನ್ ಕೊಡಬಹುದು. "ಮನೆಯವರು ಬೇಗ ಹೇಳಬೇಕು" ಎಂದರು.

ಅಷ್ಟರಲ್ಲಿ ಕಲಾ ನೆನೆದ ಸೀರೆಯಲ್ಲಿ ಓಡಿಬಂದಳು. "ಆಕಿ ಡಾಕ್ಟ್ರೇ, ಏನ್ ಬೇಕೋ ಆಕಿ" ಎಂದು ಬಾಗಿಲಿಗೇ ಹೋದಳು. ನಾನು ಅವಳ ಮುಂದೆ ನಿಂತೆ.

"ಬೇಡ ಅಕ್ಕ. ಮಾವ ಬೇಡ ಅಂದಿದಾರೆ."

"ಯಾರಿಗೆ ಅಂದ್ರು?"

"ನನಗೆ."

ಅವಳು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ನಿನ್ನ ಸೇರಿಸ್ಲಿಲ್ಲ ಅಂತ ಈಗ ತೀರಿಸ್ಕೊತಾ ಇದೀಯ" ಎಂದಳು. ದನಿ ಎತ್ತಲಿಲ್ಲ. ಸಾಲಿನಲ್ಲಿ ಕೂತಿದ್ದ ಬೇರೆ ರೋಗಿಗಳು ಕೆಮ್ಮುವುದನ್ನೂ ನಿಲ್ಲಿಸಿ ನಮ್ಮ ಕಡೆ ತಿರುಗಿದರು. ನಾನು ಬಾಗಿಲಿನಿಂದ ಸರಿಯಲಿಲ್ಲ. ಸೆಲ್ವನಿಗೆ ಫೋನು ಮಾಡಿದೆ. ಅವನು ರೈಲಿನಲ್ಲಿದ್ದ. ಮಳೆಗೆ ರೈಲು ಮಾಲೂರಿನ ಹತ್ತಿರ ನಿಂತಿತ್ತು.

"ಹಾಕ್ಸು, ನಾನು ಬತ್ತಾ ಇದೀನಿ" ಎಂದ.

ಮಾವ ಹೇಳಿದ್ದನ್ನು ಹೇಳಿದೆ. ಕಟ್ಟಿದ ಕೈಗಳ ಮಾತನ್ನೂ ಹೇಳಿದೆ. ಆ ಕಡೆ ರೈಲಿನ ಜನರ ಗಲಾಟೆ, ಯಾರೋ ಕಡಲೆಕಾಯಿ ಮಾರುವ ಸದ್ದು. ಸೆಲ್ವ, "ನನಗೆ ಯಾಕೆ ಹೇಳ್ಲಿಲ್ಲ ಅಪ್ಪ?" ಎಂದ.

"ನೀನು ಅಳ್ತೀಯ ಅಂದ್ರು."

ಅವನು ಅಳುತ್ತಲೇ ಇದ್ದ. "ಅಪ್ಪ ಹೇಳ್ದಂಗೇ ಆಗ್ಲಿ. ಅಕ್ಕಂಗೆ ಕೊಡು" ಎಂದ. ಕಲಾ ಫೋನು ಕಿವಿಗಿಟ್ಟುಕೊಂಡು ಕೊನೆ ತನಕ ಕೇಳಿದಳು. ಆಮೇಲೆ ಫೋನನ್ನು ನನ್ನ ಕೈಗೆ ಕೊಡದೆ ಬೆಂಚಿನ ಮೇಲಿಟ್ಟು ಗೋಡೆಗೆ ಮುಖ ಮಾಡಿ ನಿಂತಳು.

ನಾನು ಡಾಕ್ಟರಮ್ಮನಿಗೆ ಟ್ಯೂಬ್ ಬೇಡವೆಂದು ಹೇಳಿ ಒಳಗೆ ಹೋದೆ. ಇಂಜೆಕ್ಷನ್ ಕೊಟ್ಟರು. ಆದರೂ ಅವರ ಎದೆ ಎಳೆಯುತ್ತಿತ್ತು, ಕುತ್ತಿಗೆಯ ನರಗಳು ಹಗ್ಗದಂತೆ ಬಿಗಿಯುತ್ತಿದ್ದವು. ಡಾಕ್ಟರಮ್ಮ ಇನ್ನೊಂದು ಕೊಟ್ಟರು. ನನಗೆ ಹೊರಗೆ ಓಡಿಹೋಗಿ ಹಾಕಿ, ಟ್ಯೂಬ್ ಹಾಕಿ ಎಂದು ಕೂಗಬೇಕೆನಿಸಿತು. ಬಾಯಿ ತನಕ ಬಂದದ್ದನ್ನು ಹಲ್ಲು ಕಚ್ಚಿ ತಡೆದೆ. ಅವರು ನನ್ನ ಬಗ್ಗೆ ತಿಳಿದದ್ದು ತಪ್ಪಾಗಿತ್ತು. ಆಸೆ ಇಲ್ಲದವರು ಮಾಡುವ ಕೆಲಸವೆಂದು ಕೊಟ್ಟಿದ್ದರು, ನಾನು ಆಸೆ ಇಟ್ಟುಕೊಂಡೇ ಮಾಡಬೇಕಾಯಿತು. ಕಲಾಳನ್ನು ಕರೆತಂದು ಅವರ ಇನ್ನೊಂದು ಪಕ್ಕದಲ್ಲಿ ಕೂರಿಸಿದೆ. ಅವಳು ಅಪ್ಪನ ಕಾಲು ಹಿಡಿದುಕೊಂಡಳು. ನಿಧಾನಕ್ಕೆ ಎಳೆತ ಕಮ್ಮಿಯಾಯಿತು. ಎರಡು ಉಸಿರುಗಳ ನಡುವೆ ಅಂತರ ಹೆಚ್ಚುತ್ತ ಹೋಯಿತು. ಇನ್ನೊಂದು ಬರುತ್ತದೆಂದು ಕಾಯುತ್ತಲೇ ಇದ್ದೆವು. ಬರಲಿಲ್ಲ.

ಸೆಲ್ವನ ರೈಲು ಆಮೇಲೆ ಬಂತು.

ಅವರನ್ನು ಕೋರಮಂಡಲ್‌ಗೆ ಒಯ್ದು ಅಲ್ಲಿನ ಸುಡುಗಾಡಿನಲ್ಲಿ ಮಣ್ಣು ಮಾಡಿದೆವು. ಕಲಾ ಅಂದಿನಿಂದ ಇಂದಿನವರೆಗೆ ನನ್ನ ಜೊತೆ ಮಾತಾಡಿಲ್ಲ. ಸೆಲ್ವ ನನ್ನನ್ನು ಬೈಯಲಿಲ್ಲ. ಆದರೆ ಎಷ್ಟೋ ತಿಂಗಳು, ಊಟದ ನಡುವೆ ಕೈ ನಿಲ್ಲಿಸಿ ನನ್ನನ್ನು ನೋಡುತ್ತಿದ್ದ. ಏನೆಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದ. ಒಮ್ಮೆ ಮಾತ್ರ, "ಒಂದ್ ದಿನ ಮೆಷಿನ್ ಮೇಲೆ ಇದ್ದಿದ್ರೂ ನಾನು ನೋಡ್ತಾ ಇದ್ದೆ" ಎಂದ. ನಾನು ಅವನ ತಟ್ಟೆಗೆ ಸಾರು ಬಡಿಸಿದೆ.

ಕರ್ಮದ ದಿನ ಲೈನಿನ ಜನರೆಲ್ಲ ಊಟಕ್ಕೆ ಬಂದಿದ್ದರು. ನಾನು ಮಾವನ ಮನೆಯ ಹಿತ್ತಲಲ್ಲಿ ಒಬ್ಬಳೇ ಪಾತ್ರೆ ತೊಳೆಯುತ್ತಿದ್ದೆ. ಹೆಂಗಸರು ಆ ಕಡೆ ಸುಳಿಯುತ್ತಿರಲಿಲ್ಲ. ಮಾತು ಎಲ್ಲರಿಗೂ ಮುಟ್ಟಿತ್ತು. ಆಗ ಮಾವನ ಜೊತೆ ಗಣಿಯಲ್ಲಿದ್ದ ಆರುಮುಗಂ ಎನ್ನುವ ಮುದುಕರು ಗೋಡೆ ಹಿಡಿದುಕೊಂಡು ಬಂದು ಕಲ್ಲಿನ ಮೇಲೆ ಕೂತರು. ಅಷ್ಟು ನಡೆದದ್ದಕ್ಕೇ ಅವರ ಎದೆ ಏಳುತ್ತಿತ್ತು. ಉಗುರುಗಳು ಗುಂಡಗಿದ್ದವು.

"ಟ್ಯೂಬ್ ಬೇಡ ಅಂದೋಳು ನೀನೇನಾ?"

"ಹೂಂ ತಾತ."

"ಕಷ್ಟಪಟ್ನಾ ಮುನುಸಾಮಿ?"

ಸಮಾಧಾನಕ್ಕೆ ಇಲ್ಲ ಎನ್ನಲು ಹೋದೆ. ಅವರು ಕೈ ಎತ್ತಿ ತಡೆದು, "ನಿಜ ಹೇಳು" ಎಂದರು.

"ಪಟ್ರು. ಸ್ವಲ್ಪ ಹೊತ್ತು. ಇಂಜೆಕ್ಷನ್ ಕೊಟ್ಮೇಲೆ ಕಮ್ಮಿ ಆಯ್ತು. ಕೈ ಯಾರೂ ಕಟ್ಟಿರ್ಲಿಲ್ಲ. ನಾನು, ಕಲಾ ಇಬ್ರೂ ಹತ್ರ ಇದ್ವಿ."

ಅವರು ಗೋಡೆ ಹಿಡಿದು ಎದ್ದರು. ಒಳಗೆ ಎಲೆ ಎತ್ತುವ ಸದ್ದು ಕೇಳುತ್ತಿತ್ತು. ಆಮೇಲೆ, "ನಮ್ಮನೆ ಆ ಕೊನೇ ಲೈನು. ಒಂದ್ ಗಳಿಗೆ ಬತ್ತೀಯಾ?" ಎಂದರು.

ಕೈ ತೊಳೆದು ಹಿಂದೆ ಹೋದೆ. ಅವರು ಮೂರು ನಾಲ್ಕು ಕಡೆ ನಿಂತು ನಿಂತು ನಡೆದರು. ಅವರ ಸೊಸೆ ಬಾಗಿಲಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನ ವಯಸ್ಸಿನವಳೇ. ನಮ್ಮನ್ನು ಕಂಡು ಎದ್ದು, ಕಾಫಿ ಇಡುತ್ತೇನೆ ಎಂದು ಒಳಗೆ ತಿರುಗಿದಳು.

"ಕಾಫಿ ಆಮೇಲೆ" ಎಂದರು ಆರುಮುಗಂ ತಾತ ಸೊಸೆಗೆ. "ಕೂತ್ಕೊಮ್ಮ. ನನ್ ಟೈಮ್ ಬಂದಾಗ ಟ್ಯೂಬ್ ಬೇಡ ಅನ್ನೋದು ಎಂಗೆ ಅಂತ, ಮುನುಸಾಮಿ ಸೊಸೆ ಇವಳು ನಿನಗೆ ಹೇಳ್ತಾಳೆ."